ಸಾಕ್ಷಿಗೆ ಹೊತ್ತ ಕೊಂಬೆ

“ಗುರುಗಳೇ, ಒಬ್ಬ ಒಳ್ಳೆಯವನ ಮೇಲೆ ಸುಳ್ಳು ಹುಟ್ಟಿದೆ. ಅದು ತಲುಪುವ ಮೊದಲೇ ನಾನು ಊರೂರಿಗೆ ಹೋಗಿ ಜನರನ್ನು ಎಚ್ಚರಿಸಿ ಬರಲೇ?”

ಕೇಳಿದವನು ಮರುಳಯ್ಯ ಎಂಬ ಶಿಷ್ಯ. ಕೇಳುವಾಗಲೇ ಜೋಳಿಗೆ ಹೆಗಲೇರಿತ್ತು, ಒಂದು ಕಾಲಿಗೆ ಪಾದರಕ್ಷೆಯೂ ಏರಿತ್ತು. ಅಂದರೆ ಅವನಿಗೆ ಬೇಕಾಗಿದ್ದದ್ದು ಅಪ್ಪಣೆ, ಉತ್ತರವಲ್ಲ. ಉಪ್ಪು ಮಾರುವ ದ್ಯಾಮಣ್ಣ ಉಪ್ಪಿಗೆ ಸುಣ್ಣದ ಪುಡಿ ಬೆರೆಸುತ್ತಾನೆಂದು ಕೆಳಗಿನ ಊರಿನಲ್ಲಿ ಯಾರೋ ಹಬ್ಬಿಸಿದ್ದರು. ಅದು ಶುದ್ಧ ಸುಳ್ಳು. ಮಠದ ಅಡುಗೆಗೂ ಅದೇ ಉಪ್ಪು ಬರುತ್ತಿದ್ದುದರಿಂದ ಮರುಳಯ್ಯನಿಗೆ ಇದು ಚೆನ್ನಾಗಿ ಗೊತ್ತಿತ್ತು. ಮಾತು ಹರಡಿದರೆ ದ್ಯಾಮಣ್ಣನ ಹೊಟ್ಟೆಪಾಡು ಮುಗಿದಂತೆಯೇ. ಬೆಟ್ಟದಾಚೆಯ ಊರಿನವರು ಇದನ್ನು ಇನ್ನೂ ಕೇಳಿಲ್ಲ, ಈಗಲೇ ಓಡಿದರೆ ಸಂಜೆಯೊಳಗೆ ಎಲ್ಲರಿಗೂ ಹೇಳಿಬಿಡಬಹುದು ಎಂದು ಅವನು ಉಸಿರು ಬಿಡದೆ ವಿವರಿಸಿದ.

“ಇನ್ನೊಂದು ಪಾದರಕ್ಷೆ ಮೆಟ್ಟುವಷ್ಟರಲ್ಲಿ ಒಂದು ಕತೆ ಮುಗಿಯುತ್ತದೆ, ಕೇಳಿಕೊಂಡು ಹೋಗು,” ಎಂದು ಗುರುಗಳು ಹೇಳತೊಡಗಿದರು.

ಹಿಮದ ನಾಡಿನ ಕಣಿವೆಯೊಂದರಲ್ಲಿ ಒಬ್ಬ ರೈತನಿದ್ದ. ಅವನದು ಅಕ್ರೋಟಿನ ತೋಟ. ಅಕ್ರೋಟು ನೆಟ್ಟವನಿಗಿಂತ ಅವನ ಮಕ್ಕಳಿಗೇ ಹೆಚ್ಚು ಕಾಯಿ ಕೊಡುವ ಮರ. ಹಾಗಾಗಿ ಆ ಸೀಮೆಯಲ್ಲಿ ಒಂದು ಮರ ಸತ್ತರೆ ಮನೆಯ ಹಿರಿಯರು ಹೋದಷ್ಟೇ ದುಃಖ. ಒಂದು ಬೇಸಿಗೆಯಲ್ಲಿ ಅವನ ಮರಗಳ ತುದಿಯ ಎಲೆಗಳು ಹಳದಿಯಾದವು. ನೀರು ಹಾಯಿಸಿದ, ಗೊಬ್ಬರ ಕೊಟ್ಟ. ಆದರೂ ಎಲೆಗಳು ಬಾಡಿ ನೇತಾಡಿದವು. ನೆರೆಯವರು ಯಾರದೋ ಕಣ್ಣು ಬಿದ್ದಿದೆ ಎಂದರು. ಒಬ್ಬಾಕೆ ದೃಷ್ಟಿ ತೆಗೆಯಲು ಮೆಣಸಿನಕಾಯಿಯನ್ನೂ ತಂದಳು.

ರೈತ ಒಪ್ಪಲಿಲ್ಲ. ಬಾಡಿದ ಕೊಂಬೆಯೊಂದನ್ನು ಕಡಿದು ತೊಗಟೆಯನ್ನು ಅಷ್ಟಿಷ್ಟು ಹೆರೆದು ನೋಡಿದ. ಸೂಜಿ ಚುಚ್ಚಿದಂಥ ತೂತುಗಳು. ತೂತಿನೊಳಗೆ ಸಾಸಿವೆ ಕಾಳಿನಂಥ ದುಂಬಿ. ದುಂಬಿ ಕೊರೆದ ದಾರಿಯುದ್ದಕ್ಕೂ ಬೂಷ್ಟು, ಬೂಷ್ಟು ಹಿಡಿದಲ್ಲೆಲ್ಲ ಕಪ್ಪು ಹುಣ್ಣು. ಕೊಲ್ಲುವುದು ಬೂಷ್ಟು, ಅದನ್ನು ಮೈಗೆ ಮೆತ್ತಿಕೊಂಡು ಮರದಿಂದ ಮರಕ್ಕೆ ಒಯ್ಯುವುದು ದುಂಬಿ. ಒಂದು ಹುಣ್ಣಿಗೆ ಮರ ಸಾಯುವುದಿಲ್ಲ. ಸಾವಿರ ಹುಣ್ಣು ಒಂದಕ್ಕೊಂದು ಕೂಡಿಕೊಂಡರೆ ಮಾತ್ರ ಕೊಂಬೆಗೆ ಆಹಾರ ಹರಿಯುವ ದಾರಿಯೇ ಮುಚ್ಚಿಹೋಗುತ್ತದೆ. ಎಲ್ಲವೂ ಅವನಿಗೆ ಒಮ್ಮೆಗೇ ಹೊಳೆಯಿತು.

ಯಾರೂ ಕಾಣದ್ದನ್ನು ತಾನು ಕಂಡೆನೆಂಬ ಸಂಭ್ರಮ, ಎಲ್ಲರ ಮರಗಳನ್ನೂ ಉಳಿಸಬೇಕೆಂಬ ಆತುರ. ಬರಿಯ ಮಾತನ್ನು ಯಾರು ನಂಬುತ್ತಾರೆ ಎಂದುಕೊಂಡು ಆ ಕೊಂಬೆಯನ್ನೇ ಹೆಗಲಿಗೇರಿಸಿದ. ಉಣ್ಣಲಿಲ್ಲ, ಕೂರಲಿಲ್ಲ. ಬೋಳು ಬೆಟ್ಟ ಹತ್ತಿಳಿದು ಊರೂರು ಸುತ್ತಿದ. ಜನ ಕೊಂಬೆಯನ್ನು ಮುಟ್ಟಿ ನೋಡಿ ಬೆರಗಾದರು, ಅವನ ಬೆನ್ನು ತಟ್ಟಿದರು. ಕೊನೆಗೆ ತಂಗಿಯ ಊರು ಬಂತು. ಅವಳ ಅಂಗಳದಲ್ಲಿ ಒಂದೇ ಒಂದು ಅಕ್ರೋಟಿನ ಮರ. ಅವಳ ಮದುವೆಯಲ್ಲಿ ತವರಿನ ಬಳುವಳಿಯೆಂದು ಅವನೇ ತಂದು ನೆಟ್ಟದ್ದು. ಕೊಂಬೆಯನ್ನು ಅದರ ಬುಡಕ್ಕೆ ಒರಗಿಸಿ, ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿದ. ಬೆಳಿಗ್ಗೆ ಹೊರಡುವಾಗ, ಕೆಲಸ ಮುಗಿಯಿತಲ್ಲ, ಒಲೆಗಾದರೂ ಆದೀತು ಎಂದು ಕೊಂಬೆಯನ್ನು ಅಲ್ಲೇ ಬಿಟ್ಟ.

ಮುಂದೊಂದು ಬೇಸಿಗೆಯಲ್ಲಿ ತಂಗಿ ಹೇಳಿಕಳಿಸಿದಳು. ಅವನು ಓಡಿ ಬಂದ. ಬಳುವಳಿಯ ಮರದ ತುದಿ ಹಳದಿಯಾಗಿತ್ತು.

“ಅಣ್ಣಾ, ಆ ದುಂಬಿ ಎಷ್ಟು ದೂರ ಹಾರುತ್ತದೆ?” ಎಂದಳು ತಂಗಿ.

“ಈ ತೋಟದಿಂದ ಪಕ್ಕದ ತೋಟಕ್ಕೆ ಹಾರಿದರೆ ಹೆಚ್ಚು.”

“ಹಾಗಿದ್ದರೆ ಅಷ್ಟು ದೊಡ್ಡ ಬೋಳು ಬೆಟ್ಟವನ್ನು ಹೇಗೆ ದಾಟಿತು?”

ರೈತ ತನ್ನ ಹೆಗಲನ್ನು ಮುಟ್ಟಿ ನೋಡಿಕೊಂಡ.

ಆ ಮರವನ್ನು ಅವನೇ ಕಡಿದ. ಒಂದು ಕಡ್ಡಿಯೂ ಅಂಗಳ ದಾಟದಂತೆ ಅದು ನಿಂತಿದ್ದಲ್ಲೇ ಸುಟ್ಟ. ತನ್ನ ತೋಟದ ರೋಗದ ಮರಗಳನ್ನೂ ಹಾಗೆಯೇ ಸುಟ್ಟ. ಆಮೇಲೆ ಮತ್ತೆ ಊರೂರಿಗೆ ಹೋಗಿ, ನಮ್ಮ ಕಣಿವೆಯಿಂದ ದಿಮ್ಮಿ, ಸೌದೆ ಯಾವುದನ್ನೂ ತರಬೇಡಿ ಎಂದಷ್ಟೇ ಹೇಳಿ ಬಂದ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಕಾಲು ಇನ್ನೂ ಬಾಗಿಲ ಕಡೆಗೇ ಇತ್ತು.

“ಆಮೇಲೂ ಅವನು ಹೋದನಲ್ಲ ಗುರುಗಳೇ, ಎಚ್ಚರಿಸುವುದನ್ನು ಬಿಡಲಿಲ್ಲವಲ್ಲ?” ಎಂದ.

“ಬಿಡಲಿಲ್ಲ, ಆದರೆ ಬರಿಗೈಯಲ್ಲಿ ಹೋದ; ಬೆಟ್ಟದಾಚೆ ಇನ್ನೂ ಯಾರೂ ಕೇಳದ ಸುಳ್ಳನ್ನು ಹೆಗಲಿಗೇರಿಸಿಕೊಂಡು ಹೊರಟವನು ಯಾರು, ಮರುಳಯ್ಯ?”