ಕೊಟ್ರಪ್ಪನ ಸಹಿ ಇದ್ದ ಎರಡು ರೂಪಾಯಿ ನೋಟು

ಒಂದಾನೊಂದು ಊರಿನಲ್ಲಿ, ಕೇಳ್ರಪ್ಪ, ಒಂದು ರಾಷ್ಟ್ರೀಯ ಬ್ಯಾಂಕು ಇತ್ತು. ರಾಷ್ಟ್ರ ಮಾತ್ರ ಊರ ಮುಂದಿನ ಹುಣಸೆಮರದ ತನಕ ಇತ್ತು. ಬ್ಯಾಂಕು ಮುಚ್ಚಿ ಮೂವತ್ತು ವರ್ಷವಾಗಿ, ಅದರದ್ದೊಂದೇ ಒಂದು ಎರಡು ರೂಪಾಯಿ ನೋಟು ಉಳಿದಿತ್ತು. ದೊರೆ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ದಿನಾ ಊರಿನವರಿಂದ ನಮಸ್ಕಾರ ಮಾಡಿಸುತ್ತಿದ್ದ. ನೋಟಿಗೆ ಮಾತು ಬರುತ್ತಿತ್ತು. ಹೇಳಲಿಕ್ಕೆ ಹೆಚ್ಚೇನೂ ಇರಲಿಲ್ಲ.

ಒಂದು ದಿನ ಹಳೇ ನೋಟುಗಳಿಗೆ ಬೆಲೆ ಕಟ್ಟುವ ಮುಕುಂದರಾಯ ಬಂದು ಭೂತಗನ್ನಡಿ ಹಿಡಿದ.

"ಒಂದು ಮಡಿಕೆಯೂ ಇಲ್ಲ. ಲಕ್ಷ ರೂಪಾಯಿ ಬಾಳುತ್ತದೆ. ಸಹಿ ಹಾಕಿದವರು ತೀರಿಕೊಂಡಿದ್ದಾರಲ್ಲ?"

"ಇಲ್ಲೇ ಇದ್ದೇನೆ," ಎಂದ ನಮಸ್ಕಾರಕ್ಕೆ ಬಂದಿದ್ದ ಹಳೇ ಕ್ಯಾಷಿಯರ್ ಕೊಟ್ರಪ್ಪ.

ಮುಕುಂದರಾಯನ ಭೂತಗನ್ನಡಿ ಕೆಳಗೆ ಬಿತ್ತು.

"ಹಾಗಾದರೆ ಸಾವಿರ ಅಷ್ಟೇ. ಬದುಕಿರುವವರು ಇನ್ನಷ್ಟು ನೋಟಿಗೆ ಸಹಿ ಹಾಕಿಬಿಡಬಹುದು."

ದೊರೆ ಕೊಟ್ರಪ್ಪನನ್ನು ಬಹಳ ಮರ್ಯಾದೆಯಿಂದ ಕೂರಿಸಿದ.

"ಕೊಟ್ರಪ್ಪನವರೇ, ತೀರಿಕೊಳ್ಳಲು ನಿಮಗೆ ಯಾವ ವಾರ ಅನುಕೂಲ?"

"ಶುಕ್ರವಾರ ಸಂತೆ ಇದೆ, ಬುದ್ಧೀ."

"ಹಾಗಾದರೆ ಗುರುವಾರ." ಮಂತ್ರಿ ಬರೆದುಕೊಂಡ.

ಗುರುವಾರ ಕೊಟ್ರಪ್ಪನ ಜೊತೆ ಹೆಂಡತಿ ಗೌರವ್ವನೂ ಬಂದಳು.

"ನನ್ನ ಗಂಡ ಯಾವ ಕಾಗದಕ್ಕೆ ಸಾಯ್ತಾನೋ ಅದನ್ನ ಒಂದು ಸಲ ನೋಡ್ತೀನಿ, ಬುದ್ಧೀ."

ದೊರೆಗೆ ಅದು ನ್ಯಾಯ ಅನ್ನಿಸಿತು. ನೋಟನ್ನು ಅವಳ ಕೈಗೆ ಕೊಟ್ಟ.

ಆ ಊರಿನ ಹೆಂಗಸರ ಕೈಗೆ ನೋಟು ಬಂದರೆ ಕೈ ಯಾರನ್ನೂ ಕೇಳುವುದಿಲ್ಲ. ಎರಡು ಮಡಿಕೆ, ನಾಲ್ಕು ಮಡಿಕೆ, ಎಂಟು ಮಡಿಕೆ. ಸೆರಗಿನ ತುದಿಗೆ ಗಂಟು. ಗಂಟು ಸೊಂಟಕ್ಕೆ.

"ಅಬ್ಬಾ, ಮೂವತ್ತು ವರ್ಷದ ಮೇಲೆ ಬೆನ್ನು ಬಗ್ಗಿತು," ಎಂದಿತು ಒಳಗಿಂದ ನೋಟು, ಸುಖವಾಗಿ.

ಸಿಂಹಾಸನದಿಂದ ಅರ್ಧ ಎದ್ದ ದೊರೆ ಅರ್ಧದಲ್ಲೇ ನಿಂತ. ಮಂತ್ರಿ ಬಾಯಿ ತೆರೆದವನು ಮುಚ್ಚುವುದನ್ನು ಮರೆತ.

"ಈಗೆಷ್ಟು?" ಎಂದ ದೊರೆ, ಬೆಲೆ ಕಟ್ಟಲು ಮತ್ತೆ ಬಂದಿದ್ದ ಮುಕುಂದರಾಯನಿಗೆ.

"ಎರಡು ರೂಪಾಯಿ," ಎಂದ ಮುಕುಂದರಾಯ.

"ಇವರು ತೀರಿಕೊಂಡರೆ?"

"ಆಗಲೂ ಎರಡೇ."

ದೊರೆ ನೊಂದುಕೊಂಡ. "ಎರಡು ರೂಪಾಯಿಗೆ ಮನುಷ್ಯರನ್ನು ಕೊಲ್ಲುವುದೇ? ನಾವೇನು ಕಟುಕರೇ? ಆ ನೋಟು ನೀವೇ ಇಟ್ಟುಕೊಂಡು ಮನೆಗೆ ಹೋಗಿ."

ದಾರಿಯಲ್ಲಿ ಕೊಟ್ರಪ್ಪ ಮಂಕಾಗಿದ್ದ.

"ಬೆಳಿಗ್ಗೆ ನನ್ನ ಸಾವಿಗೆ ತೊಂಬತ್ತೊಂಬತ್ತು ಸಾವಿರ ಬೆಲೆ ಇತ್ತು ಕಣೇ."

"ಈಗ ಬಿಡಿಕಾಸೂ ಇಲ್ಲ. ಬಿರಬಿರ ನಡೀರಿ, ನಾಳೆ ಸಂತೆಗೆ ಚೀಲ ಹೊರೋರು ನೀವೇ."

ನೀತಿ ಏನೆಂದರೆ, ಗಂಡನ ಸಹಿ ಇರುವ ಕಾಗದವನ್ನು ಆಗಾಗ ಮಡಿಸುತ್ತಿರಬೇಕು. ನೋಟು ಗಂಟಿನೊಳಗೆ, ಗಂಟು ಸೊಂಟದೊಳಗೆ, ಕತೆ ನಿಮ್ಮ ಕಿವಿಯೊಳಗೆ.