ಬಳೆಗಾರನ ನೆತ್ತಿ

"ಗುರುಗಳೇ, ತಲೆಗೂದಲು ಉದುರುತ್ತದೆಂದು ಒಬ್ಬ ಔಷಧ ತೆಗೆದುಕೊಳ್ಳುತ್ತಾನೆ. ಬೋಳಾದ ಕಡೆ ಕಾಣದಂತೆ ಏನನ್ನೋ ಹಚ್ಚಿಕೊಳ್ಳುತ್ತಾನೆ. ಅದು ಮೋಹವೇ? ಸುಳ್ಳೇ?"

ವಿರೂಪಾಕ್ಷನೆಂಬ ಶಿಷ್ಯ ಒಂದು ಸಂಜೆ ಹೀಗೆ ಕೇಳಿದ. ಜಗಲಿಯಲ್ಲಿ ಅವರಿಬ್ಬರೇ ಇದ್ದರು. ಗುರುಗಳು ತಮ್ಮ ಬೋಳಿಸಿದ ತಲೆಯ ಮೇಲೆ ಕೈಯಾಡಿಸಿಕೊಂಡು, ಕೂದಲಿನ ವಿಚಾರ ಕೇಳುವುದಕ್ಕೆ ಒಳ್ಳೆಯವನನ್ನೇ ಹುಡುಕಿದೆ ಎಂದು ನಕ್ಕರು. ಆಮೇಲೆ ಕತೆ ಹೇಳಿದರು.

ಒಂದು ಊರಿನ ಪೇಟೆಬೀದಿಯಲ್ಲಿ ಒಬ್ಬ ಬಳೆಗಾರನಿದ್ದ. ಬಳೆ ತೊಡಿಸುವವನು ತಲೆಯೆತ್ತಿ ಕೆಲಸ ಮಾಡುವಂತಿಲ್ಲ. ಹೆಣ್ಣುಮಗಳ ಕೈ ಹಿಡಿದು, ಗೆಣ್ಣು ಒತ್ತಿ, ಗಾಜು ಒಡೆಯದಂತೆ ಬಳೆ ಏರಿಸಬೇಕು. ಅವನು ಬಗ್ಗಿರುವಷ್ಟು ಹೊತ್ತೂ ಎದುರಿಗೆ ಕೂತವರಿಗೆ ಕಾಣುವುದು ಅವನ ನೆತ್ತಿ. ಬೇರೆಯವರ ನೆತ್ತಿ ಬೋಳಾದರೆ ಅವರಿಗಿಂತ ಎತ್ತರದವರಿಗೆ ಮಾತ್ರ ಗೊತ್ತಾಗುತ್ತದೆ. ಬಳೆಗಾರನ ನೆತ್ತಿ ಬೋಳಾದರೆ ಊರಿನ ಹೆಂಗಸರಿಗೆಲ್ಲ ಗೊತ್ತಾಗುತ್ತದೆ.

ಇವನಿಗೆ ಮೂವತ್ತು ತುಂಬುವ ಮೊದಲೇ ಕೂದಲು ತೆಳುವಾಗತೊಡಗಿತು. ಒಂದು ದಿನ ತಾಯಿಯ ಜೊತೆ ಅಂಗಡಿಗೆ ಬಂದಿದ್ದ ಪುಟ್ಟ ಹುಡುಗಿಯೊಬ್ಬಳು ಅವನ ತಲೆಯನ್ನೇ ನೋಡುತ್ತಿದ್ದು, "ಅಮ್ಮ, ಇವರ ತಲೆ ಮ್ಯಾಲೆ ತಟ್ಟೆ ಐತೆ" ಅಂದಳು. ತಾಯಿ ಗದರಿದಳು. ಬಳೆಗಾರ ನಕ್ಕುಬಿಟ್ಟ. ಆದರೆ ತೊಡಿಸುತ್ತಿದ್ದ ಬಳೆ ಅವನ ಬೆರಳುಗಳ ನಡುವೆಯೇ ಒಡೆದುಹೋಯಿತು.

ಕೂದಲು ಸಣ್ಣ ವಸ್ತು, ವಿರೂಪಾಕ್ಷ, ಒಪ್ಪುತ್ತೇನೆ. ಆದರೆ ಬೆಳಗಾದರೆ ಬಾಚಣಿಗೆಯಲ್ಲಿ ತನ್ನದೇ ಒಂದಿಷ್ಟು ಕಳೆದುಹೋಗಿರುವುದನ್ನು ನೋಡುವವನ ಸಂಕಟ ಸಣ್ಣದಲ್ಲ. ಅದನ್ನು ಹೇಳಿಕೊಂಡರೆ ಜನ ನಗುತ್ತಾರೆ. ಹಾಗಾಗಿ ಅವನು ಯಾರಿಗೂ ಹೇಳಿಕೊಳ್ಳುವುದಿಲ್ಲ.

ಬಳೆಗಾರ ಎಲ್ಲರೂ ಮಾಡುವುದನ್ನೇ ಮೊದಲು ಮಾಡಿದ. ಈರುಳ್ಳಿ ರಸ ಹಚ್ಚಿದ. ಗಿರಾಕಿಗಳು ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಬಳೆ ತೊಟ್ಟರು. ಯಾರೋ ಹೇಳಿದ ಬೇರಿನ ಎಣ್ಣೆ ತಂದ. ದಿಂಬು ಹಸಿರಾಯಿತು, ತಲೆ ಹೇಗಿತ್ತೋ ಹಾಗೇ ಇತ್ತು. ಕೊನೆಗೆ ಚರ್ಮದ ವೈದ್ಯರ ಹತ್ತಿರ ಹೋದ. ಅವರು ಒಳ್ಳೆಯವರು, ಇಲ್ಲದ ಆಸೆ ಹುಟ್ಟಿಸಲಿಲ್ಲ. ಗಂಡಸರಲ್ಲಿ ಇದು ವಂಶದಿಂದ ಬರುವಂಥದ್ದು, ಯಾರ ತಪ್ಪೂ ಅಲ್ಲ ಎಂದರು. ನುಂಗಲು ಮಾತ್ರೆ, ನೆತ್ತಿಗೆ ಹಚ್ಚಲು ಔಷಧ ಬರೆದುಕೊಟ್ಟರು. ಫಲ ಕಾಣಲು ತಿಂಗಳುಗಳು ಬೇಕು, ಬಿಟ್ಟರೆ ಮತ್ತೆ ಉದುರುತ್ತದೆ, ಪೂರ್ತಿ ಬೋಳಾದ ಕಡೆ ಬೆಳೆದೇ ಬೆಳೆಯುತ್ತದೆ ಎಂದು ಹೇಳಲಾರೆ ಎಂದರು. ಹಿಂದಲೆಯ ಕೂದಲನ್ನು ತೆಗೆದು ನೆತ್ತಿಗೆ ನೆಡುವ ಚಿಕಿತ್ಸೆಯ ಮಾತೂ ಬಂತು. ಅದಕ್ಕೆ ಇವನಿಗೆ ಧೈರ್ಯ ಸಾಲಲಿಲ್ಲ. ಔಷಧದ ಫಲ ಕಾಣುವವರೆಗೆ ಮುಜುಗರವಾಗುವುದಾದರೆ ಒಂದು ಕಪ್ಪು ಪುಡಿ ಸಿಗುತ್ತದೆ, ಉದುರಿಸಿಕೊಂಡರೆ ಇರುವ ಕೂದಲಿಗೇ ಅಂಟಿ ತಲೆ ತುಂಬಿದಂತೆ ಕಾಣುತ್ತದೆ, ನೀರು ಎಣ್ಣೆ ತಾಗಬಾರದು, ಕೈ ಆಡಿಸಬಾರದು, ಅಷ್ಟೇ ಎಂದು ಹೇಳಿ ಕಳಿಸಿದರು.

ಮಾತ್ರೆಯಿಂದ ಉದುರುವುದು ಕಡಿಮೆಯಾಯಿತು. ಪುಡಿಯಿಂದ ಅವನು ಮತ್ತೆ ನೆಮ್ಮದಿಯಾಗಿ ಬಗ್ಗಿ ಬಳೆ ತೊಡಿಸುವಂತಾಯಿತು. ಹಲ್ಲು ಬಿದ್ದವನು ಕಟ್ಟಿಸಿಕೊಳ್ಳುತ್ತಾನೆ, ಕಣ್ಣು ಮಂಜಾದವನು ಕನ್ನಡಕ ಹಾಕಿಕೊಳ್ಳುತ್ತಾನೆ. ಇವನು ಮಾಡಿದ್ದೂ ಅಷ್ಟೇ.

ಆದರೆ ಅಂದಿನಿಂದ ಅವನು ತನ್ನ ತಲೆಯನ್ನು ಕಾಯಲು ಶುರುಮಾಡಿದ. ಮಳೆ ಹನಿಗೆ ಹೆದರಿದ. ಗಾಳಿಗೆ ಹೆದರಿದ. ಗೆಳೆಯರು ತಲೆಗೆ ಮೊಟಕಲು ಬಂದರೆ ಪಕ್ಕಕ್ಕೆ ಸರಿದ. ಕಳ್ಳರು ತಲೆ ಮರೆಸಿಕೊಂಡು ತಿರುಗುತ್ತಾರೆ ಎನ್ನುತ್ತೇವೆ. ಈ ಪಾಪದವನು ಏನನ್ನೂ ಕದಿಯದೆ ತಲೆ ಮರೆಸಿಕೊಂಡು ತಿರುಗಿದ.

ಅವನಿಗೆ ಒಬ್ಬ ಅಣ್ಣನಿದ್ದ. ತಂದೆತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸಾಕಿದವನು ಅವನೇ. ಪ್ರತಿ ಶನಿವಾರ ಅಂಗಳದಲ್ಲಿ ಕೂರಿಸಿ, ನೆತ್ತಿಗೆ ಎಣ್ಣೆ ತಟ್ಟಿ, ಸೀಗೆಪುಡಿ ಹಾಕಿ ಉಜ್ಜುತ್ತಿದ್ದ. ಹುಡುಗನ ಕೂದಲು ಎಷ್ಟು ದಟ್ಟ ಎಂದು ಯಾರಾದರೂ ಅಂದರೆ, ಅದು ತನ್ನ ಕೈಗುಣ ಎಂದು ಹಿಗ್ಗುತ್ತಿದ್ದ. ಅಣ್ಣನೂ ಬಳೆಗಾರನೇ. ಗಾಜಿನ ಬಳೆಗಳ ಸರವನ್ನು ಹೆಗಲಿಗೇರಿಸಿಕೊಂಡು ಬೀದಿ ಬೀದಿ ತಿರುಗಿ ಮಾರುವವನು. ತಮ್ಮ ದೊಡ್ಡವನಾಗಿ ಅಂಗಡಿ ಇಟ್ಟು ಪ್ಲಾಸ್ಟಿಕ್ ಬಳೆ ತಂದಾಗ ಜಗಳವಾಯಿತು. ಗಾಜು ಬಿಟ್ಟವನು ಬಳೆಗಾರನೇ ಅಲ್ಲ ಎಂದ ಅಣ್ಣ. ಕಾಲ ನೋಡದವನು ವ್ಯಾಪಾರಿಯೇ ಅಲ್ಲ ಎಂದ ತಮ್ಮ. ಮನೆ ಬೇರೆಯಾಯಿತು, ಮಾತು ನಿಂತುಹೋಯಿತು.

ತಮ್ಮನಿಗೆ ಮದುವೆ ಗೊತ್ತಾಯಿತು. ಹುಡುಗಿಗೆ ಅವನು ನಿಶ್ಚಯಕ್ಕೆ ಮೊದಲೇ ತನ್ನ ತಲೆಯ ವಿಷಯ ಹೇಳಿಬಿಟ್ಟಿದ್ದ. ಅವಳು ಆಗಲಿ ಅಂದಿದ್ದಳು. ಅವರ ಮನೆತನದಲ್ಲಿ ಒಂದು ರೂಢಿಯಿತ್ತು. ಮದುವೆಯ ಮುಂಚಿನ ದಿನ ಮದುಮಗನ ನೆತ್ತಿಗೆ ಮೊದಲ ಎಣ್ಣೆ ಇಡಬೇಕಾದವನು ತಂದೆ. ತಂದೆ ಇಲ್ಲದಿದ್ದರೆ ಆ ಸ್ಥಾನದಲ್ಲಿ ನಿಂತವನು. ಅಣ್ಣ ಬರುವುದಿಲ್ಲ ಎಂದೇ ತಮ್ಮ ತಿಳಿದಿದ್ದ. ಬರುವ ನಾಲ್ಕು ಜನರ ಮುಂದೆ ತಲೆ ಬಯಲಾಗದಿರಲೆಂದು, ಶಾಸ್ತ್ರಕ್ಕೆ ಮೊಣಕಾಲಿಗೆ ಎಣ್ಣೆ ತಾಗಿಸಿದರೆ ಸಾಕು ಎಂದು ನೆಂಟರಲ್ಲಿ ಒಬ್ಬರಿಗೆ ಮೊದಲೇ ಹೇಳಿಟ್ಟಿದ್ದ.

ಆದರೆ ಅಣ್ಣ ಬಂದ. ಮನೆಯಲ್ಲೇ ಎಣ್ಣೆ ಕಾಯಿಸಿ, ಬಟ್ಟಲಿಗೆ ಹಾಕಿ, ಆರದಂತೆ ಟವಲಿನಲ್ಲಿ ಸುತ್ತಿಕೊಂಡು ಬಂದ. ಅವನನ್ನು ಕಂಡು ಚಪ್ಪರದಲ್ಲಿದ್ದವರೆಲ್ಲ ದಾರಿ ಬಿಟ್ಟರು. ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ಅಣ್ಣ ಯಾರ ಹತ್ತಿರವೂ ಮಾತಾಡದೆ ನೇರವಾಗಿ ಹಸೆಯ ಹತ್ತಿರ ಹೋಗಿ, ಅಂಗೈ ತುಂಬ ಎಣ್ಣೆ ಬಗ್ಗಿಸಿಕೊಂಡ.

"ತಲೆ ಕೊಡಪ್ಪ" ಅಂದ.

ತಮ್ಮನಿಗೆ ಆ ಕ್ಷಣ ಕಂಡದ್ದು ಅಣ್ಣನ ಮುಖವಲ್ಲ. ಹೆಣ್ಣಿನ ಕಡೆಯವರೂ ಅವರ ಕೈಯ ಮೊಬೈಲುಗಳೂ ಕಂಡವು. ಎಣ್ಣೆ ಬಿದ್ದರೆ ಪುಡಿ ಕರಗಿ ಹಣೆಯ ಮೇಲೆ ಕಪ್ಪಗೆ ಇಳಿಯುತ್ತದೆ. ಅವನು ಕುತ್ತಿಗೆ ಹಿಂದಕ್ಕೆ ಎಳೆದುಕೊಂಡ.

"ತಲೆಗೆ ಬ್ಯಾಡ ಬಿಡಣ್ಣ" ಅಂದ.

ಆ ಮನೆತನದಲ್ಲಿ ಎಣ್ಣೆಗೆ ತಲೆ ಕೊಡದಿದ್ದರೆ ನೀನು ನನಗೆ ತಂದೆಯ ಸ್ಥಾನದಲ್ಲಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದಂತೆ. ಅಣ್ಣ ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡು ನಿಂತ. ಆ ಎಣ್ಣೆಯನ್ನು ಚೆಲ್ಲಲು ಮನಸ್ಸು ಬರಲಿಲ್ಲವೇನೋ, ತನ್ನ ಮೊಣಕೈಗೇ ಸವರಿಕೊಂಡ. ಊಟಕ್ಕೆ ನಿಲ್ಲದೆ ಹೊರಟುಹೋದ.

ಮದುವೆ ಮುಗಿದ ಮೇಲೆ ತಮ್ಮನು ನೆಂಟರ ಕೈಯಲ್ಲಿ ಹೇಳಿಕಳಿಸಿದ, ಅಂದು ಶೀತವಾಗಿತ್ತು ಎಂದು. ಇನ್ನೊಬ್ಬರ ಕೈಯಲ್ಲಿ ಹೇಳಿಕಳಿಸಿದ, ಮುಹೂರ್ತಕ್ಕೆ ಹೊತ್ತಾಗಿತ್ತು ಎಂದು. ಸುಳ್ಳೇ ಎಂದು ಕೇಳಿದೆಯಲ್ಲ, ಸುಳ್ಳು ಹುಟ್ಟಿದ್ದು ಇಲ್ಲಿ. ಮುಹೂರ್ತ ಮರುದಿನಕ್ಕಿತ್ತು ಎಂಬುದು ಅಣ್ಣನಿಗೆ ಗೊತ್ತಿರಲಿಲ್ಲವೇ. ಅವನು ಯಾವ ಮಾತಿಗೂ ಉತ್ತರ ಕೊಡಲಿಲ್ಲ. ಬಳೆಯ ಸರ ಹೆಗಲಿಗೇರಿಸುವುದನ್ನೇ ಬಿಟ್ಟ. ಯಾರಿಗಾಗಿ ತಿರುಗಲಿ ಎಂದು ಕೇಳುತ್ತಾನಂತೆ ಎಂಬ ಸುದ್ದಿಯನ್ನು ಬಳೆ ತೊಡಲು ಬಂದ ಹೆಂಗಸರು ತಮ್ಮನ ಹೆಂಡತಿಗೆ ಮುಟ್ಟಿಸಿದರು.

ಅವಳು ಗಂಡನನ್ನು ಕೇಳಿದಳು. "ನನಗೆ ಹೇಳಿದ್ರಿ. ಡಾಕ್ಟರಿಗೆ ತೋರಿಸಿದ್ರಿ. ಅಣ್ಣಂಗೆ ಹೇಳಕ್ಕೆ ಏನಾಗಿತ್ತು ನಿಮಗೆ?"

"ಈ ಕೂದಲು ಬೆಳೆಸಿದೋನು ಅವನು. ನಾನು ಅದನ್ನ ಕಳ್ಕೊಂಡುಬಿಟ್ಟೆ ಅಂತ ಹೆಂಗೆ ಹೇಳಲಿ" ಅಂದ. ಹೇಳುತ್ತ ಅತ್ತುಬಿಟ್ಟ. ನೋಡು, ಅಷ್ಟು ದಿನ ಆ ಪುಡಿಯ ಕೆಳಗೆ ಇದ್ದದ್ದು ಇದು.

ಮರುದಿನ ಶನಿವಾರ. ಅವನು ಪುಡಿ ಹಾಕಿಕೊಳ್ಳಲಿಲ್ಲ. ಬರಿತಲೆಯಲ್ಲಿ ಪೇಟೆಬೀದಿ ದಾಟಿದ. ನೋಡಿದವರು ನೋಡಿದರು. ಅಣ್ಣನ ಮನೆಗೆ ಹೋಗಿ, ಅಂಗಳದಲ್ಲಿ ಬೆನ್ನು ಮಾಡಿ ಕೂತು, ತಲೆಗೆ ಎಣ್ಣೆ ಹಚ್ಚು ಎಂದು ಕೇಳಿದ. ಅಣ್ಣ ಬಾಗಿಲಲ್ಲೇ ನಿಂತಿದ್ದ. ತಮ್ಮ ತಿರುಗಿ ನೋಡುವ ಧೈರ್ಯವಿಲ್ಲದೆ ತಲೆ ತಗ್ಗಿಸಿಕೊಂಡೇ ಕೂತಿದ್ದ. ಕೊನೆಗೆ ಬಟ್ಟಲಿನ ಸದ್ದಾಯಿತು. ನೆತ್ತಿಯ ಮೇಲೆ ಕೈ ಬಿತ್ತು. ಆ ಕೈ ಬೋಳಾದ ಜಾಗದಲ್ಲಿ ಹಾಗೇ ನಿಂತಿತು.

"ಇಷ್ಟಕ್ಕೇನೋ? ನಾನು ನಿಂಗೆ ಬ್ಯಾಡವಾದೆ ಅಂದ್ಕೊಂಡಿದ್ನಲ್ಲೋ" ಅಂದ ಅಣ್ಣ. ಆಮೇಲೆ ಎಣ್ಣೆ ತಟ್ಟುತ್ತ ಅಂದ, "ಅಪ್ಪನ ತಲೆ ಹಿಂಗೇ ಇತ್ತು ಕಣೋ. ಇದೇ ಜಾಗ, ಇದೇ ಅಳತೆ. ನೀನು ಸಣ್ಣೋನು, ನಿಂಗೆ ನೆನಪಿಲ್ಲ."

ತಂದೆಯ ಮುಖವನ್ನೇ ಅರಿಯದ ತಮ್ಮ ಅಂದು ಮೊದಲ ಸಲ ಮುಜುಗರವಿಲ್ಲದೆ ತನ್ನ ನೆತ್ತಿಯನ್ನು ಮುಟ್ಟಿ ನೋಡಿಕೊಂಡ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ವಿರೂಪಾಕ್ಷ, ಹಾಗಾದರೆ ಬಳೆಗಾರ ಔಷಧವನ್ನೂ ಪುಡಿಯನ್ನೂ ಅಂದೇ ಬಿಟ್ಟನೇ ಎಂದು ಕೇಳಿದ.

ಯಾಕೆ ಬಿಡಬೇಕು ಎಂದರು ಗುರುಗಳು. ಮಾತ್ರೆ ತಪ್ಪಿಸಬೇಡ ಎಂದು ಅಣ್ಣನೇ ಹೇಳುತ್ತಿದ್ದನಂತೆ. ಸ್ನಾನ ಮುಗಿದು ತಲೆ ಒಣಗಿದ ಮೇಲೆ ಪುಡಿಯ ಡಬ್ಬಿ ತೆಗೆದುಕೊಂಡು, ತಮ್ಮನ ಕಣ್ಣಿಗೆ ಕಾಣದ ಹಿಂಭಾಗಕ್ಕೆ ತಾನೇ ಉದುರಿಸುತ್ತಿದ್ದನಂತೆ. ಊರಿಗೆ ಕಾಣದಂತೆ ಮುಚ್ಚಿಕೊಳ್ಳಲಿ, ಯಾರು ಬೇಡವೆಂದರು. ಸರಿಯಾಗಿ ಮುಚ್ಚಿದೆಯೋ ಇಲ್ಲವೋ ನೋಡಿ ಹೇಳುವುದಕ್ಕೆ ಒಬ್ಬನಾದರೂ ಬೇಕಲ್ಲ.

ಗುರುಗಳು ಪಕ್ಕದಲ್ಲಿ ಜಾಗ ಮಾಡಿದರು.

"ಹತ್ತಿರ ಬಾ ವಿರೂಪಾಕ್ಷ, ನಿನ್ನ ಹಿಂದಲೆಯಲ್ಲಿ ಒಂದಿಷ್ಟು ಕಡೆ ಪುಡಿ ಬಿಟ್ಟುಹೋಗಿದೆ."

ವಿರೂಪಾಕ್ಷ ಸರಿದು ಕುಳಿತು ತಲೆ ಬಗ್ಗಿಸಿದ.