ಅರ್ಧ ಬಿಲ್ಲೆ

ಒಂದಾನೊಂದು ಕಾಲದಲ್ಲಿ, ಕಾಲು ಒದರಬೇಡ ಲೂರ್ದು, ಕಂಬಳಿ ಹೊದ್ದುಕೋ, ಅರ್ಕಾವತಿ ಹೊಳೆಯ ದಡದ ಒಂದೂರಿನಲ್ಲಿ ಚೌರಮ್ಮ ಅಂತ ಒಬ್ಬಳಿದ್ದಳಂತೆ. ಅವಳ ಕಸುಬು ಏನಪ್ಪಾ ಅಂದರೆ, ಊರಿನ ಇಗರ್ಜಿಯಲ್ಲಿ ಯೇಸುಸ್ವಾಮಿಯ ಪೂಜೆಗೆ ಬೇಕಾದ ಬಿಲ್ಲೆ ಸುಡೋದು. ಗೋಧಿಹಿಟ್ಟನ್ನ ತೆಳ್ಳಗೆ ಕಲಸಿ, ಉದ್ದ ಹಿಡಿಯ ಕಬ್ಬಿಣದ ಇಕ್ಕಳದ ಎರಡು ತಟ್ಟೆಗಳ ನಡುವೆ ಹುಯ್ದು ಕೆಂಡದ ಮೇಲೆ ಹಿಡಿದರೆ ಕಾಗದದಂಥ ಹಾಳೆ ಬರುತ್ತಿತ್ತಂತೆ. ಆಮೇಲೆ ಅದರಿಂದ ದುಂಡು ದುಂಡಗೆ ಬಿಲ್ಲೆ ಕತ್ತರಿಸಿ ಡಬ್ಬಿಗೆ ತುಂಬಿ, ತೂತುತೂತಾಗಿ ಉಳಿದ ಅಂಚನ್ನ ತನ್ನ ಮೂವರು ಹೆಣ್ಣುಮಕ್ಕಳಿಗೆ ಹಂಚುತ್ತಿದ್ದಳಂತೆ. ಸೀದು ಕಪ್ಪಾದದ್ದು ಕೋಳಿಗೆ.

ಚೌರಮ್ಮ ಬಲು ಬಿಗಿ ಹೆಂಗಸು. ಒಂದು ಸಾರಿ ಅಮಲ್ದಾರರು ಕುದುರೆಯ ಮೇಲೆ ಬಂದಾಗ ಊರಿಗೆ ಊರೇ ಬಾಗಿ ನಿಂತರೂ ಇವಳು ಇಕ್ಕಳ ಹಿಡಿದುಕೊಂಡು ನೆಟ್ಟಗೇ ನಿಂತಿದ್ದಳಂತೆ. ಬಾಗೇ ಅಂತ ಪಟೇಲ ಗದರಿದ್ದಕ್ಕೆ, ನನ್ನ ಮಂಡಿ ಹಿಟ್ಟಿನಲ್ಲಿ ಮಾಡಿದ್ದಲ್ಲ ಪಟೇಲಪ್ಪ, ಹಾಗೆಲ್ಲ ಬಗ್ಗೋದಿಲ್ಲ ಅಂದಳಂತೆ.

ಮಕ್ಕಳಲ್ಲಿ ರಾಯಮ್ಮ, ಜ್ಞಾನಮ್ಮ ದೊಡ್ಡವರು. ಮೂರನೆಯವಳು ಇನ್ನಾಸಿ, ಆರು ವರ್ಷದವಳು. ಭಾನುವಾರದ ಪೂಜೆಯಲ್ಲಿ ಗುರುಗಳು ಪ್ರಾರ್ಥನೆ ಹೇಳಿ ಬಿಲ್ಲೆಯನ್ನ ಎತ್ತಿ ಹಿಡಿದ ಮೇಲೆ ಅದು ಬಿಲ್ಲೆಯಲ್ಲ, ಸಾಕ್ಷಾತ್ ಯೇಸುಸ್ವಾಮಿ. ಪರಮಪ್ರಸಾದ ಅನ್ನೋದು ಅದಕ್ಕೇ. ಅಕ್ಕಂದಿರಿಬ್ಬರೂ ಮರದ ಕಟಕಟೆಯ ಮುಂದೆ ಮಂಡಿಯೂರಿ ನಾಲಿಗೆ ಚಾಚಿ ಅದನ್ನ ತೆಗೆದುಕೊಳ್ಳೋರಂತೆ. ಹನ್ನೆರಡು ತುಂಬದವರಿಗೆ ಕೊಡಕೂಡದು ಅಂತ ಆ ಕಾಲದ ಕಟ್ಟಳೆ, ಅದಕ್ಕೆ ಇನ್ನಾಸಿ ಹಿಂದೆ ಒಬ್ಬಳೇ ಕೂತಿರಬೇಕಾಗಿತ್ತಂತೆ.

ಅವಳಿಗೆ ಅದೊಂದೇ ಕೊರಗು. ಮನೆಯಲ್ಲಿ ಅಂಚು ತಿನ್ನುವಾಗ ತೂತಿನೊಳಗೆ ಬೆರಳಿಟ್ಟು, ಅವ್ವಾ, ಈ ಯೇಸಪ್ಪ ನನ್ನ ಹತ್ತಿರ ಯಾವಾಗ ಬರ್ತಾನೆ ಅಂತ ಕೇಳೋಳಂತೆ. ಇದು ಬರೀ ಹಿಟ್ಟು ಕಣೇ, ತಿಂದು ಬಾಯಿ ಮುಚ್ಚು ಅನ್ನೋಳಂತೆ ಚೌರಮ್ಮ.

ಒಂದು ಭಾನುವಾರ ಇನ್ನಾಸಿ ತಡೆಯಲಾರದೆ ಹೋಗಿ ಅಕ್ಕಂದಿರ ನಡುವೆ ಮಂಡಿಯೂರಿ ನಾಲಿಗೆ ಚಾಚಿದಳಂತೆ. ಗುರುಗಳು ಅವಳ ತಲೆ ತಟ್ಟಿ ಮುಂದೆ ಹೋದರಂತೆ, ಜ್ಞಾನಮ್ಮ ತೊಡೆ ಚಿವುಟಿದಳಂತೆ.

ಆಮೇಲಿನ ಭಾನುವಾರ ರಾಯಮ್ಮನ ಸೀರೆ ಸುತ್ತಿಕೊಂಡು, ಎತ್ತರ ಕಾಣಲಿ ಅಂತ ಮಂಡಿಯ ಕೆಳಗೆ ಒಂದರ ಮೇಲೊಂದು ಎರಡು ಇಟ್ಟಿಗೆ ಇಟ್ಟುಕೊಂಡಳಂತೆ. ಇನ್ನೇನು ಗುರುಗಳು ಹತ್ತಿರ ಬಂದರು ಅನ್ನುವಾಗ ಮೇಲಿನ ಇಟ್ಟಿಗೆ ಜಾರಿ ಧಡಾರನೆ ಉರುಳಿ, ಇನ್ನಾಸಿ ಸೀರೆ ಸಮೇತ ಮಗುಚಿಕೊಂಡಳಂತೆ. ಇಡೀ ಇಗರ್ಜಿ ನಕ್ಕಿತು. ಚೌರಮ್ಮ ಮಾತ್ರ ನಗಲಿಲ್ಲ. ಮನೆಯವರೆಗೂ ಕಿವಿ ಹಿಡಿದೇ ಕರೆದುಕೊಂಡು ಹೋದಳಂತೆ.

ಮೂರನೆಯ ಸಲ ಏನು ಮಾಡಿದಳು ಗೊತ್ತೇ? ಡಬ್ಬಿಯಿಂದ ಒಂದು ಬಿಲ್ಲೆ ತೆಗೆದು ಸೀಬೆಮರದ ಬುಡದಲ್ಲಿ ಎಲೆಯ ಮೇಲಿಟ್ಟು, ಕೈ ಮುಗಿದು, ಗುರುಗಳ ಮಾತು ನನಗೆ ಬರೋಲ್ಲ ಯೇಸಪ್ಪ, ನೀನೇ ಬಂದುಬಿಡು ಅಂದಳಂತೆ. ಹೊತ್ತು ನೆತ್ತಿಗೆ ಬಂತು. ಬಂದದ್ದು ಇರುವೆ. ಇದು ಇನ್ನೂ ಹಿಟ್ಟೇ ಅಂತ ಅವಳೇ ಅದನ್ನ ಕೋಳಿಗೆ ಹಾಕಿ, ಮುಖ ಒರೆಸಿಕೊಂಡು, ನೇರ ಗುರುಗಳ ಮನೆಗೆ ನಡೆದಳಂತೆ.

ಗುರುಗಳು ಹಿತ್ತಲಲ್ಲಿ ಕುಂಬಳದ ಬಳ್ಳಿಗೆ ನೀರು ಹಾಕುತ್ತಿದ್ದರಂತೆ. ಯಾರು, ಇಟ್ಟಿಗೆ ಹುಡುಗಿಯಾ, ಏನು ಬೇಕು ಅಂದರೆ, ಯೇಸುಸ್ವಾಮಿ ಬೇಕು ಅಂದಳಂತೆ. ಎಷ್ಟು ವರ್ಷ ನಿನಗೆ? ಆರು. ಹನ್ನೆರಡು ಆಗಬೇಕಲ್ಲ ತಾಯಿ ಅಂದಿದ್ದಕ್ಕೆ, ಅರ್ಧ ಆಗಿದೆಯಲ್ಲ ಗುರುಗಳೇ, ಅರ್ಧ ಬಿಲ್ಲೆ ಕೊಡಿ ಅಂದಳಂತೆ!

ಗುರುಗಳು ನಕ್ಕ ನಗುವಿಗೆ ಕೈಯಲ್ಲಿದ್ದ ಬಿಂದಿಗೆ ಅಲುಗಾಡಿತಂತೆ. ಅರ್ಧ ಬಿಲ್ಲೆ ಕೊಟ್ಟರೆ ಅರ್ಧ ಯೇಸುಸ್ವಾಮಿ ಬರ್ತಾನೇನೇ ಅಂತ ಕೆಣಕಿದರೆ ಇನ್ನಾಸಿಗೆ ಕೋಪ ಬಂತಂತೆ. ಅರ್ಧ ಯಾಕೆ ಬರ್ತಾನೆ? ನಾನು ಕರೆದರೆ, ಚಿಕ್ಕೋಳು ಅಂತ ನಮ್ಮವ್ವ ಅರ್ಧ ಬರ್ತಾಳಾ? ಪೂರ್ತಿ ಬರ್ತಾಳೆ. ಕೈಯಲ್ಲಿ ಕೋಲಿದ್ದರೆ ಅದೂ ಬರತ್ತೆ.

ಆಮೇಲೆ ಗುರುಗಳು ನಗೋದು ಬಿಟ್ಟು, ಕಲ್ಲಿನ ಮೇಲೆ ಕೂತು, ಮೆಲ್ಲಗೆ ಕೇಳಿದರಂತೆ. ನೀನು ಮನೆಯಲ್ಲಿ ದಿನಾ ತಿನ್ನೋದೂ ಅದೇ ಹಿಟ್ಟು, ಅದೇ ಇಕ್ಕಳ, ನಿಮ್ಮವ್ವನ ಅದೇ ಕೈ. ಇಲ್ಲಿನದು ಬೇರೆ ಅಂತ ನಿನಗೆ ಹೇಗೆ ಗೊತ್ತು?

ಅಕ್ಕಂದಿರಾದರೆ ಇಗರ್ಜಿಯ ಪುಸ್ತಕದ ಉತ್ತರ ಗಡಗಡ ಒಪ್ಪಿಸೋರು. ಇನ್ನಾಸಿಗೆ ಓದು ಬಾರದು. ಅವಳು ತನ್ನ ಮಾತಿನಲ್ಲೇ ಹೇಳಿದಳಂತೆ, ಮನೆಯಲ್ಲಿ ಅವ್ವ ಅದನ್ನ ಕತ್ತರಿಸ್ತಾಳೆ, ಸೀದರೆ ಬೈತಾಳೆ, ಕೋಳಿಗೂ ಹಾಕ್ತಾಳೆ. ಇಲ್ಲಿ ನೀವು ಅದನ್ನ ಎತ್ತಿದ ಕೂಡಲೇ ಮಂಡಿಯೂರ್ತಾಳೆ. ನಮ್ಮವ್ವ ಅಮಲ್ದಾರರಿಗೇ ಬಗ್ಗಲಿಲ್ಲ ಗುರುಗಳೇ. ಬರೀ ಹಿಟ್ಟಿಗೆ ಬಗ್ತಾಳಾ?

ಬಿಂದಿಗೆಯ ನೀರು ಕಾಲ ಮೇಲೆ ಸುರಿಯುತ್ತಿದ್ದರೂ ಗುರುಗಳಿಗೆ ತಿಳಿಯಲಿಲ್ಲವಂತೆ. ಆಮೇಲೆ ಎದ್ದು, ಇಷ್ಟು ತಿಳಿಯಲಿ ಅಂತಲೇ ಮಗಳೇ ನಾವು ಹನ್ನೆರಡು ವರ್ಷ ಕಾಯೋದು, ಭಾನುವಾರ ಬಾ, ಇಟ್ಟಿಗೆ ತರಬೇಡ ಅಂದರಂತೆ.

ಭಾನುವಾರ ಇನ್ನಾಸಿ ಅವ್ವನ ಪಕ್ಕದಲ್ಲೇ ಮಂಡಿಯೂರಿದಳಂತೆ. ಗುರುಗಳು ಬಂದು, ಒಂದು ಬಿಲ್ಲೆಯನ್ನ ಎರಡಾಗಿ ಮುರಿದು, ಅರ್ಧ ಇನ್ನಾಸಿಯ ನಾಲಿಗೆಯ ಮೇಲಿಟ್ಟು, ಉಳಿದರ್ಧ ಚೌರಮ್ಮನಿಗೆ ಕೊಟ್ಟರಂತೆ. ಅಷ್ಟು ದಿನ ಮಕ್ಕಳಿಗೆ ಅಂಚು ಹಂಚುತ್ತಿದ್ದ ಚೌರಮ್ಮ ಅವತ್ತು ಮಗಳ ಜೊತೆ ನಡುವಿನದನ್ನೇ ಹಂಚಿಕೊಂಡಳು ನೋಡು.

ಏನು, ರುಚಿ ಹೇಗಿತ್ತಂತೆ ಅಂತ ಕೇಳಿದೆಯಾ? ಜ್ಞಾನಮ್ಮನೂ ದಾರಿಯಲ್ಲಿ ಅದನ್ನೇ ಕೇಳಿದಳಂತೆ. ರುಚಿ ಮನೆಯದೇ ಕಣೇ ಅಂದಳಂತೆ ಇನ್ನಾಸಿ. ಹಾಗಾದರೆ ಇಷ್ಟೆಲ್ಲ ರಂಪ ಮಾಡಿದ್ದು ಯಾಕೆ ಅಂದರೆ, ಆಮೇಲೆ ಹೇಳ್ತೀನಿ, ಈಗ ಯೇಸಪ್ಪ, ನಾನು ಇಬ್ಬರೂ ಮಾತಾಡ್ತಾ ಇದ್ದೀವಿ, ನೀನು ಸುಮ್ಮನಿರು ಅಂದಳಂತೆ.

ಅಲ್ಲಿಗೆ ಅವಳ ಕೊರಗು ತೀರಿತು, ಕತೆಯೂ ತೀರಿತು. ಇನ್ನು ನೀನೂ ಸುಮ್ಮನಿರು ಲೂರ್ದು, ಕಣ್ಣು ಮುಚ್ಚು.